ತುಟಿ ನೋಡುವ ಗೋಕಿಲಾ

ಗೋಕಿಲಾ ಯಾರ ಜೊತೆ ಮಾತಾಡಿದರೂ ಅವರ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾಳೆ. ಹೊಸಬರಿಗೆ ಇದು ಮುಜುಗರ. ಹಲ್ಲಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನಾಲಿಗೆಯಾಡಿಸಿ ನೋಡಿಕೊಂಡವರೂ ಉಂಟು. ತಮಿಳು ಸೀಮೆಯ ಪಲ್ಲಡದಲ್ಲಿ ಅವಳ ಮನೆಯ ಹಿಂಬದಿಯಲ್ಲಿ ಎಂಟು ವಿದ್ಯುತ್ ಮಗ್ಗಗಳು ಬೆಳಗಿನಿಂದಲೇ ಅಬ್ಬರಿಸುತ್ತಿರಲು, ಕೂಗಿ ಪ್ರಯೋಜನವಿಲ್ಲವೆಂದು ಕಲಿತ ಆ ಕನ್ನಡ ಮನೆಮಾತಿನ ಕುಟುಂಬ ಊಟಕ್ಕೆ ಕರೆಯುವುದನ್ನೂ ಬೈಯುವುದನ್ನೂ ಬರಿಯ ತುಟಿಯಲ್ಲೇ ಮುಗಿಸುತ್ತಿತ್ತು. ವಿಶಾಲವಾದ ರಸ್ತೆಯಲ್ಲೂ ಅವಳು ದುಪಟ್ಟಾವನ್ನು ಎದೆಗವಚಿಕೊಂಡು ಓರೆಯಾಗಿಯೇ ನಡೆಯುತ್ತಾಳೆ, ಎರಡು ಮಗ್ಗಗಳ ನಡುವೆ ನುಸುಳುವವಳ ಹಾಗೆ.

ಓದಿದ್ದು ಚರಿತ್ರೆಯಲ್ಲಿ ಬಿ.ಎ. ಪದವಿಪತ್ರ ಗೋಡೆಗೇರಿದ ವರ್ಷವೇ ಅಜ್ಜಿ ಕಮಲಾತಾಳ್‌ಗೆ ಪಾರ್ಶ್ವವಾಯು ಬಡಿದು ದನಿ ಹೋಯಿತು. ಆಸ್ಪತ್ರೆಯಲ್ಲಿ ಅಜ್ಜಿ ತುಟಿ ಅಲುಗಿಸಿದಾಗಲೆಲ್ಲ ಮನೆಯವರು ನೀರು ಕುಡಿಸಲು ಓಡಿದರು. ಗೋಕಿಲಾ ಒಬ್ಬಳೇ ಬಗ್ಗಿ ನೋಡಿ, "ನೀರಲ್ಲ, ಬೆನ್ನು ಉರೀತದಂತೆ" ಎಂದಳು. ಮಗ್ಗುಲು ತಿರುಗಿಸಿದರೆ ಬೆನ್ನಿನ ಚರ್ಮ ಕೆಂಪಗೆ ಕಂದಿ, ಹುಣ್ಣಾಗುವ ಹಂತಕ್ಕೆ ಬಂದಿತ್ತು. ಹಿರಿಯ ನರ್ಸ್ ವಿಜಯಕುಮಾರಿ ಅವಳನ್ನು ಹೊರಗೆ ಕರೆದು, ತುಡಿಯಲೂರಿನಲ್ಲಿ ಎರಡು ವರ್ಷದ ನರ್ಸಿಂಗ್ ಕಲಿಸುವ ಶಾಲೆಯೊಂದಿದೆ, ವಿಜ್ಞಾನ ಓದದವರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ತಮಿಳಿನಲ್ಲಿ ಹೇಳಿದರು.

ಅಂದಿನಿಂದ ಹುಡುಗಿಗೆ ಬೇರೆ ಯೋಚನೆಯಿಲ್ಲ. ಹೆದರಿಕೆಯಿತ್ತು, ಸುಳ್ಳೇಕೆ, ಹತ್ತನೇ ತರಗತಿಯ ನಂತರ ವಿಜ್ಞಾನದ ಪುಸ್ತಕ ಮುಟ್ಟಿದವಳಲ್ಲ. ಆದರೂ ನೂಲಿನ ಮೂಟೆಯ ಮೇಲೆ ಕೂತು, ಮೂಳೆಗಳ ಹೆಸರನ್ನು ರಾಜವಂಶಗಳಂತೆ ತಲೆಯಿಂದ ಕಾಲಿನವರೆಗೆ ಕ್ರಮವಾಗಿ ಬಾಯಿಪಾಠ ಮಾಡತೊಡಗಿದಳು. ಈ ಹಟವನ್ನು ಮೆಚ್ಚದಿರುವುದು ಹೇಗೆ?

ಅಡ್ಡಿಯಾದವನು ಅಪ್ಪ ದೇವರಾಜನ್. "ಡಿಗ್ರಿ ಓದಿ ಕಂಡೋರ ಬೆಡ್‌ಪ್ಯಾನ್ ಎತ್ತಕ್ಕಾ ಅಮ್ಮಿಣಿ?" ಎಂದು ಮಗಳನ್ನು ಕರೆಯುವ ಮುದ್ದಿನ ಹೆಸರಲ್ಲೇ ಕೇಳಿದವನು ಅರ್ಜಿಗೆ ಸಹಿ ಹಾಕದೆ ಎದ್ದುಹೋದ. ಅವಳು ವಾದಿಸಲಿಲ್ಲ, ಮನೆಗೆ ಬಂದ ಅಜ್ಜಿಯ ಮೈ ಒರೆಸಿ, ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಆಕೆ ಮಗನಿಗೆಂದು ತುಟಿಯಲ್ಲೇ ಬೈದ ಬೈಗುಳಗಳನ್ನು ಒಂದೂ ಬಿಡದೆ ಅವನಿಗೆ ತಲುಪಿಸಿದಳು.

ಅರ್ಜಿಯ ಕೊನೆಯ ದಿನ, ಮಗ್ಗಗಳೆಲ್ಲ ಓಡುತ್ತಿರುವಾಗ, ಕಡಿದ ನೂಲಿಗೆ ಗಂಟು ಹಾಕುತ್ತಿದ್ದ ಅಪ್ಪ ತಲೆಯೆತ್ತಿದ. ಮಗ್ಗ ನಿಂತ ಮನೆಯ ಮೌನದಲ್ಲಿ ಹೇಳಲಾಗದ್ದನ್ನು ಆ ಅಬ್ಬರದ ನಡುವೆ ಹೇಳಿದ, ದನಿಯಿಲ್ಲದೆ, ಬರಿಯ ತುಟಿಯಲ್ಲಿ: "ಫಾರಂ ತಗಂಬಾ ಅಮ್ಮಿಣಿ."

ಗೋಕಿಲಾ ಓರೆಯಾಗಿ ನುಸುಳಿ ಹೋಗಿ ಅರ್ಜಿಯನ್ನು ಸಹಿಗೆ ಕೊಟ್ಟಳು. ಗದ್ದಲದಲ್ಲಿ ಬೆಳೆದವರಲ್ಲಿ ಇಂಥ ಕೆಲವರು ಇರುತ್ತಾರೆ: ಕೂಗುವವರ ಕಡೆಗೆ ಅವರು ತಿರುಗುವುದು ಕಡಿಮೆ, ಕೂಗಲಾರದವರ ಮುಂದೆ ಬಗ್ಗಿ, ಆ ತುಟಿ ಅಲುಗುವವರೆಗೂ ಕಾಯುತ್ತಾರೆ.