ಕಿವಿ ಚುಚ್ಚದ ಮನೆ

ನೋಡಿ ಸ್ವಾಮಿ, ನಂಜನಗೂಡು ಬಸ್ ಸ್ಟ್ಯಾಂಡಿಂದ ತಿ. ನರಸೀಪುರದ ಹೊಳೆ ದಡದವರೆಗೆ ಎಷ್ಟು ಊರು ಬರುತ್ತೋ ಅಷ್ಟೂ ಊರಲ್ಲಿ ಕೇಳ್ಕೊಂಡ್ ಬನ್ನಿ. ನಮ್ಮ ಸಿದ್ಧಾರ್ಥನ ಮೇಲೆ ಕೈ ಮಾಡಿದ ಗಂಡು ಇನ್ನೂ ಹುಟ್ಟಿಲ್ಲ. ಇಪ್ಪತ್ತೆರಡು ವರ್ಷ ವಯಸ್ಸು, ಮೈ ಮೇಲೆ ಒಂದೇ ಒಂದು ಏಟು ಬಿದ್ದಿಲ್ಲ. ಮೇಷ್ಟ್ರು ಬೆತ್ತ ಎತ್ತಿದ್ದುಂಟು, ಇಳಿಸಿದ್ದಿಲ್ಲ. ಅಂಥ ಗಂಡು, ತಂಗಿ ಕವನಳ ಮದುವೆ ಮಾತಿನ ದಿನ ತುಂಬಿದ ಮನೇಲಿ ಎದ್ದು ನಿಂತು ಒಂದೇ ಒಂದು ಡೈಲಾಗ್ ಹೊಡೆದ. ಗಂಡಿನ ಕಡೆಯೋರ ಕೈಲಿದ್ದ ಕಾಫಿ ಲೋಟ ಬಾಯಿ ಮುಟ್ಟದೆ ಅಲ್ಲೇ ನಿಂತ್ಬಿಟ್ವು. ಆ ಕಥೆ ಹೇಳ್ತೀನಿ, ಕೂತ್ಕೊಳಿ.

ಏಟು ಬೀಳದೇ ಇರೋಕೆ ಕಾರಣ ಅವನ ತೋಳಲ್ಲ, ರಕ್ತ. ಅವನಿಗಿದ್ದ ಕಾಯಿಲೆಗೆ ಹಿಮೋಫಿಲಿಯಾ ಅಂತಾರೆ. ನಮಗೆ ಗಾಯ ಆದ್ರೆ ರಕ್ತ ಸ್ವಲ್ಪ ಹೊತ್ತು ಬಂದು, ಹೆಪ್ಪುಗಟ್ಟಿ, ನಿಲ್ಲುತ್ತೆ. ಅವನಿಗೆ ಬೇಗ ನಿಲ್ಲಲ್ಲ. ಹೊರಗೆ ಗಾಯ ಆಗಬೇಕಂತಾನೂ ಇಲ್ಲ. ಬಸ್ ಹತ್ತುವಾಗ ಮಂಡಿ ತಗುಲಿದ್ರೆ ಸಾಕು, ಒಳಗೊಳಗೇ ರಕ್ತ ಸೋರಿ ಮಂಡಿ ಸೋರೆಬುರುಡೆ ಆಗೋದು. ನಮ್ಮೂರು ದೇವನೂರಿನ ಜನಕ್ಕೆ ಗೊತ್ತಿದ್ದದ್ದು ಇಷ್ಟೇ: ಅಂಚೆ ಕಚೇರಿ ಪುಟ್ಟಬಸವಯ್ಯನ ಮಗ ನಾಜೂಕು, ಮುಟ್ಟಿದ್ರೆ ಊದ್ತಾನೆ. ಕಾಯಿಲೆ ಹೆಸರು ಮನೆ ಹೊಸಿಲು ದಾಟಿರಲಿಲ್ಲ.

ದಾಟದ ಹಾಗೆ ನೋಡ್ಕೊಂಡವನು ಸಿದ್ಧಾರ್ಥನೇ. ನಂಜನಗೂಡಲ್ಲಿ ಕ್ಯಾಸೆಟ್, ಸಿಡಿ ಬಾಡಿಗೆಗೆ ಕೊಡೋ ಅಂಗಡೀಲಿ ಕೂರೋನು. ದಿನಕ್ಕೆ ಮೂರು ಪಿಕ್ಚರ್ ನೋಡೋನಿಗೆ ಕಥೆಗೇನು ಬರ? ಮಂಡಿ ಊದಿದಾಗಲೆಲ್ಲ ಒಂದು ಹೊಸ ಕಥೆ. ಒಂದ್ಸಲ ಬೈಕಿಂದ ಬಿದ್ದ. ಬೈಕನ್ನ ಅವನು ಜನ್ಮದಲ್ಲಿ ಓಡಿಸಿಲ್ಲ. ಇನ್ನೊಂದ್ಸಲ ಹುಡುಗಿಯೊಬ್ಬಳನ್ನ ಹಾಯೋ ಎಮ್ಮೆಯಿಂದ ಕಾಪಾಡಿದ. ಎಮ್ಮೆ ಕಥೆ ಎಷ್ಟು ಚೆನ್ನಾಗಿ ಓಡ್ತು ಅಂದ್ರೆ, ಆ ಹುಡುಗಿ ಯಾರು ಅಂತ ಹುಡುಕ್ಕೊಂಡು ಇಬ್ಬರು ಪಕ್ಕದೂರಿಗೆ ಹೋಗಿ ಬಂದ್ರು.

ಯಾರಾದ್ರೂ ಜಗಳಕ್ಕೆ ಬಂದ್ರೆ ಕಾಲರ್ ಎತ್ತಿ ಹೇಳೋನು: "ಮುಟ್ಟೋಕೆ ಮುಂಚೆ ಯೋಚ್ನೆ ಮಾಡ್ಲಾ. ಮುಟ್ಟಿದ ಮೇಲೆ ಟೈಮ್ ಇರಲ್ಲ, ಸೀದಾ ಮೈಸೂರು ಆಸ್ಪತ್ರೆ." ಆಸ್ಪತ್ರೆ ಯಾರಿಗೆ ಅಂತ ಮಾತ್ರ ಹೇಳ್ತಿರಲಿಲ್ಲ.

ಆ ಮೈಸೂರು ಆಸ್ಪತ್ರೆಯಿಂದ ಪ್ರತಿ ತಿಂಗಳು ಎರಡನೇ ಶನಿವಾರ, ರೋಗಿಗಳ ಮನೆಯೋರಿಗೆ ಸಲಹೆ ಹೇಳೋ ಸರ್ವಮಂಗಳಾ ಮೇಡಂ ನಂಜನಗೂಡಿಗೆ ಬರೋರು. ಶಾಲೆ ಕೊಠಡಿಯೊಂದರಲ್ಲಿ ಇಂಥ ಕಾಯಿಲೆಯ ಐದಾರು ಮನೆಯೋರು ಸೇರೋರು. ಐಸ್ ಹೆಂಗೆ ಕಟ್ಟಬೇಕು, ಯಾವ ನೋವಿನ ಮಾತ್ರೆ ನುಂಗಬಾರದು, ಸ್ಕೂಲಲ್ಲಿ ಏನು ಹೇಳಬೇಕು, ಇಂಥವೇ ಮಾತು. ಒಬ್ಬ ತಾಯಿ ಅತ್ರೆ ಇನ್ನೊಬ್ಬ ತಾಯಿ ಸೆರಗು ಕೊಡೋಳು. ಎರಡು ಸಾವಿರದ ಮೂರನೇ ಇಸವಿ ಫೆಬ್ರವರಿ ಶನಿವಾರಕ್ಕೆ ಮೇಡಂ, "ಅಜ್ಜಿ ಇದ್ರೆ ಅವರನ್ನೂ ಕರ್ಕೊಂಡ್ ಬನ್ನಿ" ಅಂದಿದ್ರು. ಕವನಳಿಗೆ ತಿ. ನರಸೀಪುರದ ಗಂಡು ನಿಕ್ಕಿ ಆಗೋದರಲ್ಲಿತ್ತು. ಅದಕ್ಕೇ ತಲಕಾಡಿಂದ ಅವ್ವನ ಅವ್ವ ಸಣ್ಣತಾಯಮ್ಮ ಬಂದಿದ್ಲು. ಆ ಶನಿವಾರ ತಾಯಿ, ಮಕ್ಕಳಿಬ್ಬರ ಜೊತೆ ಅವಳೂ ಹೊರಟ್ಲು.

ಮೇಡಂ ದೊಡ್ಡ ಹಾಳೆ ಹಾಸಿ ಪೆನ್ಸಿಲ್ ತೆಗೆದ್ರು. ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸೊನ್ನೆ, ಗಂಡ ಹೆಂಡ್ತಿ ಆದ್ರೆ ನಡುವೆ ಒಂದು ಗೆರೆ. ಕಾಯಿಲೆ ಇದ್ದ ಚೌಕಕ್ಕೆ ಪೂರ್ತಿ ಕಪ್ಪು. ಕಾಯಿಲೆ ಕಾಣದೆ ಮಕ್ಕಳಿಗೆ ದಾಟಿಸೋ ಹೆಂಗಸಿನ ಸೊನ್ನೆಗೆ ನಡುವೆ ಒಂದು ಚುಕ್ಕೆ.

"ಇದೇನ್ ಮೇಡಂ, ಕುಂಟೆಬಿಲ್ಲೆನಾ?" ಅಂದ ಸಿದ್ಧಾರ್ಥ.

"ಹೌದು. ಕುಂಟೋದು ನೀನು, ಅದಕ್ಕೆ ನಿನ್ನ ಮನೆ ಮೊದಲು ತುಂಬ್ತೀನಿ" ಅಂದು ಮೇಡಂ ಅವನ ಚೌಕಕ್ಕೆ ಕಪ್ಪು ಬಳಿದ್ರು. ಅವನಿಗೆ ಸರಿಯಾಗಿ ಉತ್ತರ ಕೊಟ್ಟ ಮೊದಲ ಮನುಷ್ಯರು ಅವರೇ. "ಅಜ್ಜಿ, ನಿಮ್ಮ ಕಡೆ ಗಂಡುಮಕ್ಕಳಲ್ಲಿ ಯಾರಿಗಾದ್ರೂ ಹಿಂಗೆ ರಕ್ತ ನಿಲ್ಲದೇ ಇದ್ದದ್ದು ಉಂಟಾ?"

"ಅದೆಲ್ಲ ಇಲ್ಲ ಕನವ್ವ. ಮಾಡಬೇಕಾದ್ದು ಮಾಡ್ಕೊಂಡೇ ಬಂದಿವಿ. ನಮ್ಮ ಮನೇಲಿ ಗಂಡೈಕ್ಳಿಗೆ ಕಿವಿ ಕೂಡ ಚುಚ್ಚಂಗಿಲ್ಲ. ದ್ಯಾವ್ರ ಕಟ್ಟು."

ಮೇಡಂ ಪೆನ್ಸಿಲ್ ನಿಂತಿತು. "ಯಾವ ಮನೆ ದೇವ್ರು? ನಿಮ್ಮ ಯಜಮಾನ್ರ ಮನೇದಾ?"

"ಅವರ ಮನೇದಲ್ಲ. ನಮ್ಮವ್ವ ಏಳ್ಕೊಟ್ಟದ್ದು. ನಾನು ಪಾಪಿಗೆ ಏಳಿದೆ." ಪಾಪಿ ಅಂದ್ರೆ ಪಾಪಮ್ಮ, ಸಿದ್ಧಾರ್ಥನ ತಾಯಿ.

"ಮನೆದೇವ್ರ ಕಟ್ಟು ಗಂಡನ ಮನೆಯಿಂದ ಬರಬೇಕಲ್ವಾ ಅಜ್ಜಿ? ನಿಮ್ಮಲ್ಲಿ ಇದು ಅವ್ವನಿಂದ ಮಗಳಿಗೇ ಬಂದಿದೆ."

ಸಣ್ಣತಾಯಮ್ಮ ಎಲೆಅಡಿಕೆ ಚೀಲದ ದಾರ ಬಿಚ್ಚಿ, ಏನೂ ತೆಗೀದೆ, ಮತ್ತೆ ಕಟ್ಟಿದ್ಲು.

"ನಂಗೊಬ್ಬ ತಮ್ಮ ಇದ್ದ. ಒಂಬತ್ತು ತಿಂಗಳ ಕೂಸು. ಸೋದರಮಾವನ ತೊಡೆ ಮ್ಯಾಲೆ ಕೂರಿಸಿ ಕಿವಿ ಚುಚ್ಚಿದ್ರು. ರಕ್ತ ನಿಲ್ನಿಲ್ಲ. ಅರಿಶಿನ ತುಂಬಿದ್ರು, ಸುಣ್ಣ ಮೆತ್ತಿದ್ರು. ಮೂರನೇ ದಿನಕ್ಕೆ ಓಯ್ತು. ಅವತ್ತಿಂದ ನಮ್ಮವ್ವ ಗಂಡೈಕ್ಳ ಕಿವಿ ಹತ್ರ ಯಾರ್ನೂ ಬಿಡ್ನಿಲ್ಲ. ದ್ಯಾವ್ರ ಎಸರು ಏಳಿದ್ರೆ ತಾನೆ ಜನ ಸುಮ್ಕಿರೋದು? ಆದ್ರೂ ನನ್ನ ಮಗ ಮರಿಯಯ್ಯ ಉಳೀನಿಲ್ಲ. ಆಲಿನ ಅಲ್ಲು ಬಿತ್ತು, ರಕ್ತ ನಿಲ್ನಿಲ್ಲ, ಅಷ್ಟೆಯ."

ಪಾಪಮ್ಮ ತಮ್ಮನ ಹೆಸರು ಕೇಳಿ ಮುಖ ತಿರುಗಿಸಿಕೊಂಡ್ಲು. "ಎಲ್ಲಾ ನಮ್ಮ ಒಟ್ಟೇಲೇ ಅದೆ ಬುಡಿ ಮೇಡಂ."

"ಹೊಟ್ಟೆಯಿಂದ ಮೂಗೂ ಬರುತ್ತೆ, ಕಣ್ಣೂ ಬರುತ್ತೆ. ನೀವು ಆರಿಸಿ ಕೊಟ್ಟಿದ್ದಲ್ಲ ಪಾಪಮ್ಮ" ಅಂದ್ರು ಮೇಡಂ. "ಅಜ್ಜಿ, ನಿಮ್ಮ ಅವ್ವ ಯಾವ ಡಾಕ್ಟ್ರಿಗೂ ಕಾಯದೆ ತಾವೇ ಕಂಡುಹಿಡಿದಿದ್ರು."

ಮೇಲಿನ ಸಾಲಿನ ಮುತ್ತಜ್ಜಿಗೊಂದು ಚುಕ್ಕೆ, ಅಜ್ಜಿಗೊಂದು, ಪಾಪಮ್ಮನಿಗೊಂದು. ಕವನಳ ಸೊನ್ನೆಗೆ ಬಂದಾಗ ಮೇಡಂ ಚುಕ್ಕೆ ಹಾಕಲಿಲ್ಲ, ಪ್ರಶ್ನೆ ಚಿಹ್ನೆ ಹಾಕಿದ್ರು. "ನಿಂಗೆ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ರೆ ನಿಂಗೆ ಹುಟ್ಟೋ ಒಂದೊಂದು ಗಂಡುಮಗುಗೂ ಅರ್ಧಕ್ಕರ್ಧ."

"ಅಂದ್ರೆ ಟಾಸ್" ಅಂದ ಸಿದ್ಧಾರ್ಥ. ಯಾರೂ ನಗಲಿಲ್ಲ.

"ರಕ್ತದ ಪರೀಕ್ಷೆ ಇದೆ" ಅಂದ್ರು ಮೇಡಂ. "ಮಾಡಿಸೋದು, ಬಿಡೋದು, ಯಾರಿಗೆ ಹೇಳೋದು, ಎಲ್ಲ ನಿನ್ನಿಷ್ಟ. ಏನೇ ಮಾಡಿದ್ರೂ ನಾನು ಜೊತೆಗಿರ್ತೀನಿ." ಹಾಳೆ ಮಡಚಿ ಅವಳ ಕೈಗೇ ಕೊಟ್ರು.

ವಾಪಸ್ ಬರೋ ಬಸ್ಸಲ್ಲಿ ಪಾಪಮ್ಮ ಹೇಳಿದ್ದು ಒಂದೇ ಮಾತು: "ಮದ್ವೆ ಮುಗೀಲಿ. ಅಲ್ಲಿಗಂಟ ಆ ಹಾಳೆ ಟ್ರಂಕಲ್ಲಿರ್ಲಿ."

ಕವನ ಅಣ್ಣನ ಕಡೆ ಬಗ್ಗಿದ್ಲು. "ಮುಚ್ಚಿಟ್ಟು ನಾನು ಹೋಗಲ್ಲ ಕಣಣ್ಣ. ನಾಳೆ ನಂಗೆ ನಿನ್ನಂಥ ಮಗು ಹುಟ್ಟಿದ್ರೆ ಅದಕ್ಕೂ ಎಮ್ಮೆ ಕಥೆ ಕಟ್ಟಬೇಕಾ?"

"ಟೆನ್ಷನ್ ಯಾಕೆ ತಗೋತೀಯ? ಗಂಡಿನ ಕಡೆಯೋರು ಬರ್ಲಿ. ನೀನು ಕಾಫಿ ಕೊಡು, ಡೈಲಾಗ್ ನಂದು."

ವಾರವಿಡೀ ಅಂಗಡಿ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದ. "ಈ ಮನೆ ಗಂಡಸರ ಕಿವಿ ನೋಡಿ, ತೂತಿಲ್ಲ. ಯಾಕಂದ್ರೆ ನಮ್ಮ ರಕ್ತಕ್ಕೆ ಬಾಗಿಲು ತೆಗೆಯೋದು ಗೊತ್ತು, ಮುಚ್ಚೋದು ಗೊತ್ತಿಲ್ಲ." ಬಾಗಿಲು ಅಂದಾಗ ಬಲಗೈ, ಮುಚ್ಚೋದು ಅಂದಾಗ ಕಣ್ಣು. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೂ ಬಾಯಲ್ಲೇ.

ಮುಂದಿನ ಭಾನುವಾರ ಗಂಡಿನ ಕಡೆಯೋರು ಬಂದ್ರು. ಹುಡುಗ ಬೆಟ್ಟಸ್ವಾಮಿ ಸರ್ವೆ ಇಲಾಖೇಲಿ ಭೂಮಾಪಕ. ಜೇಬಲ್ಲಿ ಪೆನ್ನಿನ ಬದಲು ಪೆನ್ಸಿಲ್, ಮಾತು ಕಮ್ಮಿ. ಎಲ್ಲ ಮಾತೂ ಅವನ ಅವ್ವನೇ ಆಡೋಳು. ಸಿದ್ಧಾರ್ಥನಿಗೆ ಹಿಂದಿನ ದಿನ ಬೆಂಚು ಎಳೆಯೋಕೆ ಹೋಗಿ ಮಂಡಿ ಊದಿತ್ತು. ಕಾಲು ಸ್ಟೂಲ್ ಮೇಲಿಟ್ಟು, ಟವಲಲ್ಲಿ ಐಸ್ ಸುತ್ತಿಕೊಂಡು ಗೋಡೆಗೆ ಒರಗಿದ್ದ.

ಬೆಟ್ಟಸ್ವಾಮಿಯ ಅವ್ವ ಕಾಫಿ ತಗೊಂಡು ಅವನ ಕಡೆ ತಿರುಗಿದ್ಲು. "ಇವನ ಕಿವಿ ಯಾಕೆ ಬೋಳಾಗಿ ಅದೆ? ನಮ್ಮಲ್ಲಿ ಅಂಗಿಲ್ಲಪ್ಪ. ಚೊಚ್ಚಲ ಕೂಸಿಗೆ ವರ್ಷ ತುಂಬೋದ್ರಲ್ಲಿ ಕಿವಿ ಚುಚ್ಚಲೇಬೇಕು, ಅದೂ ಸೋದರಮಾವನ ತೊಡೆ ಮ್ಯಾಲೆ. ಈಗಿಂದಲೇ ತೊಡೆ ಗಟ್ಟಿ ಮಾಡ್ಕೊ. ಅದ್ಸರಿ, ಮಂಡಿಗೇನಾಯ್ತು?"

ಎಲ್ಲರೂ ನಕ್ಕರು. ಸಣ್ಣತಾಯಮ್ಮ ನಗಲಿಲ್ಲ. ಅಡಿಗೆಮನೆ ಬಾಗಿಲಲ್ಲಿ ಕವನ ತಟ್ಟೆ ಹಿಡಿದು ಅಣ್ಣನನ್ನೇ ನೋಡ್ತಿದ್ಲು. ಸಿದ್ಧಾರ್ಥ ಗೋಡೆ ಹಿಡಿದು ಎದ್ದ. ಬಾಯಿ ತೆರೆದ.

ಕಥೆ ಇಲ್ಲಿಗೆ ಬಂದಾಗೆಲ್ಲ ಸಿದ್ಧಾರ್ಥ ಒಂದು ಗುಟುಕು ಟೀ ಕುಡಿದು, ಬಲಗೈ ಎತ್ತಿ, ಆ ಬಾಗಿಲಿನ ಡೈಲಾಗ್ ಹೊಡೀತಾನೆ. ಅಂಗಡಿ ಕಟ್ಟೆ ಮೇಲೆ ಇದು ನೂರು ದಿನ ಓಡಿದ ಕಥೆ. ಶುರೂಲಿ ನಾನು ನಿಮಗೆ ಹೇಳಿದ್ದೂ ಅದನ್ನೇ. ಹಂಗೇ ಮುಗಿಸಬಹುದಿತ್ತು. ಆದ್ರೆ ನಡೆದದ್ದು ಹಂಗಲ್ಲ.

ಅವನು ಹೇಳಿದ್ದು ಇಷ್ಟೇ: "ಬೈಕಿಂದ ಬಿದ್ದೆ ಕಣತ್ತೆ. ವಾರದಲ್ಲಿ ಸರಿಹೋಯ್ತದೆ." ಹೇಳಿ ಕೂತುಬಿಟ್ಟ.

ಕವನ ತಟ್ಟೆ ಕೆಳಗಿಟ್ಟಳು. "ಅಣ್ಣನಿಗೆ ಬೈಕ್ ಓಡಿಸೋಕೆ ಬರಲ್ಲ ಅತ್ತೆ." ಟ್ರಂಕಿಂದ ಹಾಳೆ ತಂದು ಚಾಪೆ ಮೇಲೆ ಹಾಸಿದಳು. ಟೀಚರ್ ಟ್ರೈನಿಂಗಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡ್ತಿದ್ದ ದನಿಯಲ್ಲೇ ಹೇಳಿದಳು. ಇದು ಅಜ್ಜಿಯ ತಮ್ಮ, ಕಿವಿ ಚುಚ್ಚಿದಾಗ ಹೋಯ್ತು. ಇದು ಮರಿಯಯ್ಯ ಮಾವ, ಹಲ್ಲು ಬಿದ್ದಾಗ. ಈ ಕಪ್ಪು ಚೌಕ ನಮ್ಮಣ್ಣ. ಕೈ ಆಡಿಸಲಿಲ್ಲ, ದನಿ ಏರಿಸಲಿಲ್ಲ. ಗಂಡಿನ ಕಡೆಯೋರ ಕಾಫಿ ಲೋಟ ನಿಂತಿದ್ದು ಆಗ.

ಬೆಟ್ಟಸ್ವಾಮಿ ಚಾಪೆಗೆ ಇಳಿದು, ಹಳ್ಳಿ ನಕಾಶೆ ನೋಡೋ ಹಾಗೆ ಹಾಳೇನ ತನ್ನ ಕಡೆ ತಿರುಗಿಸಿಕೊಂಡ. "ಈ ಪ್ರಶ್ನೆ ಹಾಕಿರೋದು?"

"ಅದು ನಾನು. ಪರೀಕ್ಷೆ ಮಾಡಿಸ್ತೀನಿ. ಏನು ಬಂದ್ರೂ ನಿಮಗೆ ಹೇಳ್ತೀನಿ. ಈಗಲೇ ಎದ್ದು ಹೋದ್ರೂ ನಮಗೆ ಬೇಜಾರಿಲ್ಲ."

"ಬೆಟ್ಟ, ಏಳು ಓಗುವ" ಅಂದ್ಲು ಅವನ ಅವ್ವ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಒಂದ್ನಿಮಿಷ ಇರವ್ವ." ಅವನು ಜೇಬಿಂದ ಪೆನ್ಸಿಲ್ ತೆಗೆದ. ಕವನಳ ಸೊನ್ನೆಯ ಪಕ್ಕ, ಸ್ವಲ್ಪ ದೂರದಲ್ಲಿ, ನಾಲ್ಕು ಮೂಲೆ ಅಳೆದಂತೆ ಒಂದು ಚೌಕ ಬರೆದ. ಎರಡರ ನಡುವೆ ಗೆರೆ ಎಳೀಲಿಲ್ಲ. ಒಂದೊಂದೇ ಚುಕ್ಕೆ ಇಡ್ತಾ ಹೋದ.

"ಅಳತೆ ಮುಗಿಯೋವರೆಗೂ ಸರ್ವೇಲಿ ಗೆರೆ ನಾವು ಹಿಂಗೇ ಹಾಕೋದು" ಅಂದ. ಆಮೇಲೆ ತಲೆ ಎತ್ತದೆ ಕೇಳಿದ, "ಆ ಮೇಡಂ ಮತ್ತೆ ಯಾವತ್ತು ಬರ್ತಾರೆ?"

ಪಾಪಮ್ಮ ತಣ್ಣಗಾದ ಲೋಟಗಳನ್ನ ಎತ್ತಿಕೊಂಡು ಇನ್ನೊಂದ್ಸಲ ಕಾಫಿ ಇಡೋಕೆ ಒಳಗೆ ಹೋದ್ಲು. ಸಿದ್ಧಾರ್ಥನ ಮಂಡಿಯ ಟವಲಿಂದ ಐಸ್ ನೀರು ನೆಲಕ್ಕೆ ತೊಟ್ಟಿಕ್ತಾ ಇತ್ತು. ಅವನು ಚಾಪೆ ಕಡೆಗೇ ಬಗ್ಗಿ ನೋಡ್ತಿದ್ದ. ಒಂಬತ್ತು ಚುಕ್ಕೆ ಇತ್ತು. ಎಣಿಸಿದವನು ಅವನೇ. ಆ ದಿನ ಅವನು ಮಾಡಿದ ಕೆಲಸ ಅದೊಂದೇ.