ನಿಮಿಷಕ್ಕೆ ನಲವತ್ತು ಬಾಟಲಿ

ಅಕ್ಕ ಕೆಲಸ ಮಾಡುತ್ತಿದ್ದ ಔಷಧಿ ಕಾರ್ಖಾನೆಯ ಬೆಲ್ಟಿನ ಮೇಲೆ ನಿಮಿಷಕ್ಕೆ ನಲವತ್ತು ಬಾಟಲಿ ಬರುತ್ತಿದ್ದವು. ಒಂದೊಂದು ಬಾಟಲಿಯೂ ಅವಳ ಮುಂದೆ ಟಕ್ ಎಂದು ಅರೆಕ್ಷಣ ನಿಂತು ಮುಂದೆ ಸಾಗುತ್ತಿತ್ತು. ಆ ಅರೆಕ್ಷಣದಲ್ಲಿ ಮುಚ್ಚಳ ಕೂರಿಸಿ ಒಂದು ಅರೆಸುತ್ತು ತಿರುಗಿಸಬೇಕು. ಒಂಬತ್ತು ವರ್ಷ ಅದನ್ನು ಪಕ್ಕದವಳ ಜೊತೆ ಹರಟೆ ಹೊಡೆಯುತ್ತಲೇ ಮಾಡಿದವಳು ಒಂದು ದಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಪರೇಷನ್ ಆಯಿತು, ನಾಲ್ಕು ತಿಂಗಳು ಕಳೆಯಿತು, ಮೂಳೆ ಕೂಡಿತು. ಬೆರಳುಗಳು ಮಾತ್ರ ಹೊಸಬರ ಮನೆಗೆ ಬಂದ ನೆಂಟರ ಹಾಗೆ ಹಿಂದೆ ಮುಂದೆ ನೋಡುತ್ತಿದ್ದವು.

ಸೂಪರ್‌ವೈಸರ್ ಒಳ್ಳೆಯ ಮನುಷ್ಯನೇ. ಆದರೆ ಅವನ ಮಾತು ಖಡಾಖಂಡಿತ. ಬಂದು ಹತ್ತು ನಿಮಿಷ ಬೆಲ್ಟಿನ ಮುಂದೆ ಕೂತು ಒಂದೂ ಬಿಡದೆ ಮುಚ್ಚಳ ಹಾಕಿ ತೋರಿಸಿದರೆ ಕೆಲಸ ಉಂಟು. ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು.

ಅಕ್ಕ ಕಾರ್ಖಾನೆಯ ಗೆಳತಿಗೆ ಹೇಳಿ ಬೆಲ್ಟಿನ ಸದ್ದನ್ನು ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಸಿ ತರಿಸಿಕೊಂಡಳು. ಅದನ್ನು ತಮ್ಮನ ಮುಂದೆ ಹಿಡಿದಳು.

"ಏ ಪುಕ್ಕಲ, ಸಂಜೆ ಕ್ಲಾಸಲ್ಲಿ ನೀನು ಕಲಿಯೋದು ಇದೇ ಅಲ್ವಾ? ಇದು ನಿಲ್ಲದೆ ಸುತ್ತಿ ಸುತ್ತಿ ಬರೋ ಹಾಗೆ ಮಾಡಿಕೊಡು. ಮೊದಲು ನಿಧಾನ, ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಜೋರು. ಪೂರ್ತಿ ವೇಗಕ್ಕೆ ಬಂದಾಗ ನಾನೇ ಸೂಪರ್‌ವೈಸರ್‌ಗೆ ಫೋನ್ ಮಾಡ್ತೀನಿ."

ಪುಕ್ಕಲ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ವಾರಕ್ಕೆ ಮೂರು ಸಂಜೆ ಧ್ವನಿಮುದ್ರಣದ ಕ್ಲಾಸು. ಎರಡು ಕಡೆಯೂ ಅವನು ಯಾವ ಗುಂಡಿಯನ್ನು ಒತ್ತುವ ಮೊದಲೂ ಅದರ ಕೆಳಗೆ ಬರೆದದ್ದನ್ನು ಎರಡು ಸಲ ಓದುತ್ತಿದ್ದ. ಈಗಲೂ ಹಾಗೆಯೇ ಸಿಗುವ ಮೂರು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಒಳ್ಳೆಯದು ಎಂದು ಕ್ಲಾಸಿನ ಮೇಷ್ಟ್ರನ್ನು ಕೇಳಿದ.

"ನನ್ನ ಕೇಳಬೇಡಪ್ಪಾ," ಎಂದರು ಮೇಷ್ಟ್ರು. "ಮೂರರದ್ದೂ ಟ್ರಯಲ್ ಹಾಕ್ಕೋ. ಒಂದೇ ಸದ್ದನ್ನ ಮೂರರಲ್ಲೂ ಎಳೆದು ನಿಧಾನ ಮಾಡಿ ನೋಡು. ನಿನ್ನ ಕಿವೀನೇ ಹೇಳುತ್ತೆ."

ಎಳೆದು ನೋಡಿದ. ಆ ರೆಕಾರ್ಡಿಂಗಿನ ಮಧ್ಯದಲ್ಲಿ ಯಾರೋ ಹೆಂಗಸು "ಏ, ಮುಚ್ಚಳ ಖಾಲಿ ಕಣ್ರೇ!" ಎಂದು ಕೂಗಿದ್ದಳು. ಪರೀಕ್ಷೆಗೆ ಅವಳೇ ಸಿಕ್ಕಿದಳು. ಮೊದಲನೆಯ ಸಾಫ್ಟ್‌ವೇರಿನಲ್ಲಿ ನಿಧಾನ ಮಾಡಿದೊಡನೆ ಆ ಹೆಂಗಸು ಗಡ್ಡ ಬಿಟ್ಟ ಗಂಡಸಾದಳು. ಎರಡನೆಯದರಲ್ಲಿ ಹೆಂಗಸಾಗಿಯೇ ಉಳಿದಳು, ಆದರೆ ನೀರಿನೊಳಗಿಂದ ಮಾತಾಡಿದಳು. ಅದೂ ಅಲ್ಲದೆ ಒಂದೊಂದು ಟಕ್ಕೂ ಹರಿದು ಟಕಟಕ ಎಂದು ಎರಡಾಗುತ್ತಿತ್ತು. ಮೂರನೆಯದರಲ್ಲಿ ಟಕ್ ಟಕ್ಕಾಗಿಯೇ ಇತ್ತು, ನಡುವಿನ ಬಿಡುವು ಮಾತ್ರ ಹಿಗ್ಗಿತ್ತು. ಹೆಂಗಸು ಕೂಡ ತಾನಾಗಿಯೇ ಇದ್ದಳು. ಒಂದಿಷ್ಟು ಆರಾಮವಾಗಿ ಕೂಗುತ್ತಿದ್ದಳು, ಅಷ್ಟೇ.

ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಕೇಳಿ ತಲೆಯಾಡಿಸಿದರು. "ಇದೇ ಇರಲಿ. ಎಷ್ಟು ಎಳೆದಿದ್ದೀಯ ಅಂತ ಕೇಳಿದವನಿಗೆ ಗೊತ್ತಾಗಲ್ಲ."

ಆ ಮಾತನ್ನು ಅವನು ಆಗ ಹೊಗಳಿಕೆಯೆಂದೇ ಪುಸ್ತಕದಲ್ಲಿ ಬರೆದುಕೊಂಡ.

ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಊಟದ ಮೇಜಿನ ಮೇಲೆ ಅಭ್ಯಾಸ. ಅಕ್ಕ ಟಕ್ಕಿಗೊಂದು ಮುಚ್ಚಳ ಹಾಕಿ ಬಾಟಲಿಯನ್ನು ಮುಂದೆ ತಳ್ಳುವಳು. ಎದುರು ಕೂತ ಅಮ್ಮ ಅದನ್ನು ಬಿಚ್ಚಿ ವಾಪಸ್ ತಳ್ಳುವಳು.

"ಇವಳು ಹಾಕೋದು, ನಾನು ಬಿಚ್ಚೋದು," ಎಂದು ಅಮ್ಮ ಗೊಣಗುತ್ತಿದ್ದಳು. "ಯಾರಾದ್ರೂ ನೋಡಿದ್ರೆ ಇಬ್ಬರನ್ನೂ ಕಟ್ಟಿ ಹಾಕ್ತಾರೆ."

ಬೆಲ್ಟಿನ ವೇಗದ ನೂರಕ್ಕೆ ಅರವತ್ತು ಪಾಲು ಸಲೀಸಾಗಿ ಹೋಯಿತು. ಎಪ್ಪತ್ತು, ಎಂಬತ್ತು ಕೂಡ ಹೋದವು. ಎಂಬತ್ತೈದರಲ್ಲಿ ಕೈ ತಡವರಿಸಿತು. ಒಂದು ವಾರ ಒದ್ದಾಡಿದಳು. ಏಳನೆಯ ದಿನ ಮುಚ್ಚಳದ ಡಬ್ಬಿಯನ್ನು ಗೋಡೆಗೆ ಎಸೆದು, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಯಾರದೋ ಮಗುವನ್ನು ಬೈಯುವಂತೆ ಅದನ್ನು ಬೈದಳು. ಮೇಜಿನ ಕೆಳಗೆ ಉರುಳಿದ ಮುಚ್ಚಳಗಳನ್ನು ಆರಿಸುತ್ತಿದ್ದ ತಮ್ಮನಿಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಮೇಲಿಂದ ಅವಳು ಅಳುವುದು ಕೇಳಿಸುತ್ತಿತ್ತು.

ಅವತ್ತು ಕ್ಲಾಸಿನಲ್ಲಿ ಅವನು ಸುತ್ತಿ ಸುತ್ತಿ ಬರುವ ಹೊಸ ಲೂಪ್ ಮಾಡಿದ. ಹೆಸರು ತೊಂಬತ್ತು ಎಂದು ಕೊಟ್ಟ. ಒಳಗೆ ಇದ್ದದ್ದು ಎಂಬತ್ತೆರಡು. ಒಂದು ವಾರ ಅಷ್ಟೇ, ಅವಳಿಗೆ ಧೈರ್ಯ ಬರಲಿ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡ. ಎರಡು ಸಲ ಓದದೆ ಅವನು ಒತ್ತಿದ ಗುಂಡಿ ಅದೊಂದೇ.

ಮರುದಿನ ಅಕ್ಕ ಒಂದೂ ಬಿಡಲಿಲ್ಲ. ಅಮ್ಮನ ಕೆನ್ನೆ ಹಿಂಡಿದಳು. ಅವಳ ಆ ಮುಖ ನೋಡಿ ಅವನಿಗೆ ಸರಿಮಾಡುವ ಮನಸ್ಸು ಬರಲಿಲ್ಲ. ಮುಂದಿನ ಫೈಲಿಗೆ ತೊಂಬತ್ತೈದು ಎಂದು ಹೆಸರಿಟ್ಟ, ಒಳಗೆ ಎಂಬತ್ತಮೂರು. ಅದರ ಮುಂದಿನದಕ್ಕೆ ನೂರು, ಒಳಗೆ ಎಂಬತ್ತೈದು. ಆಗ ಅಕ್ಕ ಒಮ್ಮೆ ಕೈ ನಿಲ್ಲಿಸಿ ಕಿವಿಗೊಟ್ಟಳು.

"ಬೆಲ್ಟು ಇದಕ್ಕಿಂತ ಜೋರಾಗಿ ಓಡ್ತಿತ್ತು ಅನ್ಸುತ್ತೆ ಕಣೋ."

"ನಿನ್ನ ಕೈ ಚುರುಕಾಗಿದೆ ಅಕ್ಕಾ," ಎಂದ ಅವನು. "ಅದಕ್ಕೇ ಸದ್ದು ನಿಧಾನ ಅನ್ಸುತ್ತೆ."

ಆ ಮಾತು ಎಷ್ಟು ಸರಾಗವಾಗಿ ಬಾಯಿಗೆ ಬಂತೆಂದರೆ ಅವನಿಗೇ ಮೈ ಝುಂ ಎಂದಿತು. ಗಡಿಯಾರ ಮುಂದಿಟ್ಟುಕೊಂಡು ಒಂದು ನಿಮಿಷ ಎಣಿಸಿದ್ದರೆ ಸಾಕಿತ್ತು, ನಲವತ್ತರ ಬದಲು ಮೂವತ್ತನಾಲ್ಕು ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಅವಳು ಎಣಿಸಲಿಲ್ಲ. ತಮ್ಮ ಹೇಳಿದ ಮೇಲೆ ಮುಗಿಯಿತು.

ಶುಕ್ರವಾರ ತಿಂಡಿ ತಿನ್ನುವಾಗ ಅಕ್ಕ ತಟ್ಟೆ ಬದಿಗಿಟ್ಟು ಘೋಷಿಸಿದಳು. "ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಸೋಮವಾರ ಬಾ ಅಂದ."

ಅವನು ಅರ್ಧ ತಿಂದ ತಟ್ಟೆ ಬಿಟ್ಟು ಎದ್ದು ಹೊರಟ. ಅಂಗಡಿಯಲ್ಲಿ ಇಡೀ ದಿನ ಯಂತ್ರದ ಬೆಳಕು ಆಚೆ ಈಚೆ ಹರಿಯುತ್ತಿದ್ದರೂ ಅವನ ಕಣ್ಣಿಗೆ ಕಂಡದ್ದು ಬಾಟಲಿ. ಒಬ್ಬರಿಗೆ ಎರಡು ಪ್ರತಿಯ ಬದಲು ಹನ್ನೆರಡು ತೆಗೆದುಕೊಟ್ಟು ಬೈಸಿಕೊಂಡ. ಮಧ್ಯಾಹ್ನ ಮೂಲ ರೆಕಾರ್ಡಿಂಗನ್ನು ಕಿವಿಗೆ ಹಚ್ಚಿಕೊಂಡು ಕೇಳಿದ. ನಿಜವಾದ ಬೆಲ್ಟು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು. ಮೂರು ದಿನದಲ್ಲಿ ಗುಟ್ಟಾಗಿ ಸ್ವಲ್ಪ ಸ್ವಲ್ಪ ಏರಿಸಿಬಿಡಲೇ ಎಂದು ಯೋಚಿಸಿದ. ಒಂದು ಸುಳ್ಳನ್ನು ಇನ್ನೊಂದರಿಂದ ಒರೆಸಲು ಹೊರಟಿದ್ದೇನೆ ಎಂದು ತಿಳಿದು ನಾಚಿಕೆಯಾಯಿತು. ಆ ಪೀಕಲಾಟದಲ್ಲೇ ಸಂಜೆಯಾಯಿತು. ಮನೆಗೆ ಬಂದವನು ಅಕ್ಕನ ಮುಖ ನೋಡಲಾರದೆ, ಆ ದಿನವನ್ನೂ ದಾಟಿಸಿಬಿಟ್ಟ.

ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಬಾಟಲಿ ಜೋಡಿಸಿ ಅವಳು ಹಾಕು ಎಂದಾಗ ಅವನು ಮೂಲ ರೆಕಾರ್ಡಿಂಗ್ ಹಾಕಿದ. ಅಕ್ಕನ ಕೈ ಮೂರನೆಯ ಟಕ್ಕಿಗೇ ಹಿಂದೆ ಬಿತ್ತು. ಎಂಟನೆಯದಕ್ಕೆ ಅವಳು ಕೈ ಕೆಳಗಿಟ್ಟಳು.

"ಏನೋ ಇದು? ಜಾಸ್ತಿ ಜೋರು ಮಾಡಿದ್ದೀಯಾ?"

"ಇಲ್ಲ ಅಕ್ಕಾ. ಇದೇ ನಿಜವಾದದ್ದು. ನಾನು ಕೊಟ್ಟಿದ್ದು ಎಂಬತ್ತೈದು. ತೊಂಬತ್ತು ಅಂದಿದ್ದೂ ಸುಳ್ಳು, ತೊಂಬತ್ತೈದು ಅಂದಿದ್ದೂ ಸುಳ್ಳು. ನೀನು ಅವತ್ತು ಅತ್ತಿದ್ದನ್ನ ನೋಡೋಕಾಗ್ಲಿಲ್ಲ."

ಬೈಗುಳಕ್ಕೆ ಅವನು ತಲೆ ತಗ್ಗಿಸಿ ಸಿದ್ಧನಾಗಿ ನಿಂತ. ಬೈಗುಳ ಬರಲಿಲ್ಲ. ಅಕ್ಕ ಮುಚ್ಚಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ನಾನು ಕೇಳಿದೆ," ಎಂದಳು. "ಜೋರಾಗಿತ್ತು ಅನ್ಸುತ್ತೆ ಅಂತ ಬಾಯಿಬಿಟ್ಟು ಕೇಳಿದೆ. ಆಗ ಏನಂದೆ?"

ಅವನೂ ಒಂದು ಮುಚ್ಚಳ ಎತ್ತಿ ಡಬ್ಬಿಗೆ ಹಾಕಲು ಹೋದ.

"ಹೇಳೋ. ಏನಂದೆ?"

"ನಿನ್ನ ಕೈ ಚುರುಕಾಗಿದೆ ಅಂದೆ."

"ಸೋಮವಾರ ಹತ್ತು ಜನರ ಮುಂದೆ ನಾನು ಅಲ್ಲಿ ಕೂತಿರ್ತಿದ್ದೆ. ಅಳೋದು ನಿನಗೆ ಕಾಣಬಾರದು, ಅಲ್ಲಿ ಅತ್ತರೆ ಪರವಾಗಿಲ್ಲ, ಅಲ್ವಾ?"

"ಹೋಗ್ಲಿ ಬಿಡೇ," ಎಂದು ಅಮ್ಮ ನಡುವೆ ಬಂದಳು. "ಪ್ರೀತಿಗೇ ತಾನೆ ಮಾಡಿದ್ದು."

"ಪ್ರೀತೀನ ನಾನು ಕೇಳಿರ್ಲಿಲ್ಲಮ್ಮಾ. ವೇಗ ಕೇಳಿದ್ದೆ."

ಅವಳೇ ಸೂಪರ್‌ವೈಸರ್‌ಗೆ ಫೋನ್ ಮಾಡಿದಳು. ತಮ್ಮನ ಹೆಸರೆತ್ತಲಿಲ್ಲ. ಕೈ ಇನ್ನೂ ಆಗಿಲ್ಲ ಸಾರ್, ಎರಡು ವಾರ ಕೊಡಿ ಎಂದಳು. ಮೊನ್ನೆ ತಾನೇ ಆಗಿದೆ ಅಂದಿರಲ್ಲಮ್ಮ ಎಂದು ಅವನು ಕೇಳಿದ್ದು ಹೊರಗೂ ಕೇಳಿಸಿತು. "ನಾನೇ ತಪ್ಪು ತಿಳ್ಕೊಂಡಿದ್ದೆ ಸಾರ್," ಎಂದಳು ಅಕ್ಕ. ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ತಪ್ಪನ್ನು ಅವನ ಮೇಲೆ ಹಾಕಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎರಡು ವಾರ ಸಿಕ್ಕಿತು. ಇದೇ ಕೊನೆ ಎಂಬ ಮಾತೂ ಜೊತೆಗೆ ಬಂತು.

ಫೋನ್ ಇಟ್ಟವಳು ಕುರ್ಚಿಯನ್ನು ಮೂಲೆಯಲ್ಲಿದ್ದ ತಮ್ಮನ ಹಳೆಯ ಕಂಪ್ಯೂಟರಿನ ಮುಂದೆ ಎಳೆದುಕೊಂಡಳು. "ವೇಗ ಎಲ್ಲಿ ಬದಲಾಯಿಸೋದು, ತೋರಿಸು. ಇನ್ಮೇಲೆ ಅದು ನನ್ನ ಕೈಲಿರುತ್ತೆ."

ತೋರಿಸಿದ. ಆಪರೇಷನ್ ಆದ ಕೈಯಲ್ಲೇ ಅವಳು ಮೌಸ್ ಹಿಡಿದು ಅಂಕಿಯನ್ನು ಎಂಬತ್ತಾರು ಮಾಡಿದಳು. ಅಂದಿನಿಂದ ಪ್ರತಿದಿನ ಬೆಳಿಗ್ಗೆ, ಶುರುಮಾಡುವ ಮೊದಲು, ಗೋಡೆ ಗಡಿಯಾರ ನೋಡುತ್ತ ಒಂದು ನಿಮಿಷದ ಟಕ್ಕುಗಳನ್ನು ಜೋರಾಗಿ ಎಣಿಸುವಳು. ಅವನ ಎದುರಿಗೇ ಎಣಿಸುವಳು. ಆ ಒಂದು ನಿಮಿಷ ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಚಪ್ಪಲಿ ಹುಡುಕುವ ನೆಪ ಮಾಡುತ್ತಿದ್ದ.

ಎರಡನೆಯ ವಾರದ ಬುಧವಾರ ಅವಳು ತೊಂಬತ್ತಾರಕ್ಕೆ ಏರಿಸಿದ್ದಳು. ಅಮ್ಮನಿಗೆ ಬಿಚ್ಚುವುದೇ ಕಷ್ಟವಾಗಿ ಬಾಟಲಿಗಳು ಮೇಜಿನ ಮೇಲೆ ಗುಂಪುಗಟ್ಟಿದವು. ಹತ್ತು ನಿಮಿಷ ಮುಗಿದಾಗ ಅಕ್ಕನ ಹಣೆ ಬೆವರಿತ್ತು.

"ನನಗೆ ಲೆಕ್ಕ ತಪ್ಪಿತು," ಎಂದಳು, ಅವನ ಕಡೆ ತಿರುಗದೆ. ಆ ಶನಿವಾರದ ನಂತರ ಅವನನ್ನು ಏನಾದರೂ ಕೇಳಿದ್ದು ಇದೇ ಮೊದಲು. "ಎಷ್ಟು ಬಿಟ್ಟೆ?"

ಅವನಿಗೆ ಲೆಕ್ಕ ತಪ್ಪಿರಲಿಲ್ಲ. ಎರಡು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತು. ಎರಡು ಎಂದರೆ ಅವಳು ನಗುತ್ತಾಳೆ.

"ಐದು," ಎಂದ.

ಅಮ್ಮ ಮುಚ್ಚಳ ಬಿಚ್ಚುತ್ತಿದ್ದ ಕೈ ನಿಲ್ಲಿಸಿ ಕೆಂಗಣ್ಣು ಬಿಟ್ಟಳು. "ಮೂರು ಅಂದಿದ್ರೆ ನಿನ್ನ ಗಂಟೇನೋ ಹೋಗ್ತಿತ್ತು?"

"ಅಮ್ಮಾ, ನೀನು ಸುಮ್ನೆ ಬಾಟ್ಲಿ ಖಾಲಿ ಮಾಡು," ಎಂದಳು ಅಕ್ಕ. ಮಣಿಕಟ್ಟನ್ನು ಒಮ್ಮೆ ನೀವಿಕೊಂಡು, ಕೈ ಚಾಚಿ, ಲೂಪನ್ನು ಮತ್ತೆ ಮೊದಲಿನಿಂದ ಹಾಕಿದಳು.