ಹಿಂದಿನ ಎರಡು ಕಾಲು

ಚಾಮರಾಜನಗರದ ಬೀಗರ ಮನೆಯಿಂದ ಮಗಳು ಸುಮಯ್ಯಳ ಮದುವೆಯ ಸಾಮಾನು ಟೆಂಪೊದಲ್ಲಿ ವಾಪಸ್ ಬಂದಾಗ ಬಡಗಿ ಗೌಸ್ ಮೊಹಿದ್ದೀನ್ ಗುಂಡ್ಲುಪೇಟೆಯ ತನ್ನ ಮನೆಬಾಗಿಲಲ್ಲಿ ನಿಂತಿದ್ದ. ತವರಿನವರು ಕೊಟ್ಟ ಸಾಮಾನು ಹಿಂದಿರುಗಿತೆಂದರೆ ಅವರ ಜನರಲ್ಲಿ ಮದುವೆ ಮುರಿದಂತೆಯೇ ಲೆಕ್ಕ. ಆದರೆ ಆಸೆಗೆ ನಾಚಿಕೆ ಎಲ್ಲಿಯದು? ಹಿರಿಯರು ಕೂತು ಮಾತಾಡಿದರೆ ಎಲ್ಲ ಸರಿಹೋದೀತು, ಇದೇ ಟೆಂಪೊ ಇದೇ ಸಾಮಾನು ಹೊತ್ತು ಹೋದೀತು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಮಂಚ, ಬೀರುವಿನ ಹಿಂದೆ ಮೀನಿನ ತೊಟ್ಟಿಯೂ ಅದರ ಭಾರಿ ಹೊನ್ನೆ ಮರದ ಸ್ಟ್ಯಾಂಡೂ ಇಳಿದವು. ಮೀನುಗಳು ಬಕೆಟ್ಟಿನಲ್ಲಿ ಬಾಯಿ ಬಿಡುತ್ತಿದ್ದವು. ಸಿಮೆಂಟ್ ನೆಲದ ಮೇಲಿಟ್ಟರೆ ಸ್ಟ್ಯಾಂಡು ಮುಂದಕ್ಕೆ ವಾಲಿತು.

"ಇಂದ್ಗಡೆ ಕಾಲೇ ಉದ್ದ ಅವೆ ಕಣಣ್ಣ," ಎಂದ ಟೆಂಪೊದ ಮಾದೇವ. "ಇಂಗೇ ನೀರು ತುಂಬುದ್ರೆ ಗಾಜು ಒಡ್ದೋಯ್ತದೆ. ಕುಯ್ದಾಕ್ಬುಡು."

ಅದನ್ನು ಮಾಡಿದವನು ಗೌಸನೇ. ಬೀಗರ ಮಹಡಿಯದು ಹಳೇ ಮರದ ಹಲಗೆಯ ನೆಲ, ಗೋಡೆಯ ಕಡೆಗೆ ಇಳಿಜಾರು. ಕಾಲಡಿಗೆ ಮರದ ಚಕ್ಕೆ ಕೊಟ್ಟು ಸಮ ಮಾಡು ಎಂದು ಜೊತೆಯ ಬಡಗಿಗಳು ಹೇಳಿದರೆ, ಚಕ್ಕೆ ಬಾಡಿಗೆ ಮನೆಗೆ, ನನ್ನ ಮಗಳು ಬಾಳೋ ಮನೆಗಲ್ಲ ಎಂದು ಜಂಬ ಕೊಚ್ಚಿ, ಹಿಂದಿನ ಕಾಲುಗಳನ್ನೇ ಉದ್ದ ಇಟ್ಟು, ಆ ನೆಲಕ್ಕೆ ಮಾತ್ರ ಕೂರುವಂತೆ ಮಾಡಿದ್ದ. ಈಗ ಕುಯ್ದರೆ ಮತ್ತೆ ಅಲ್ಲಿ ಕೂರುವುದಿಲ್ಲ.

"ಬೇಡ ಮಾದೇವ. ಮುಂದಿನ ಕಾಲಿಗೆ ಚಕ್ಕೆ ಕೊಡ್ತೀನಿ. ವಾಪಸ್ ಹೋಗೋ ಸಾಮಾನು."

ಆಗಲೇ ತವರಿಗೆ ಬಂದು ಒಳಗಿದ್ದ ಸುಮಯ್ಯ ಹೊರಬಂದು ಗರಗಸವನ್ನು ಅಪ್ಪನ ಕೈಗಿಟ್ಟಳು.

"ಅವರು ಕಳಿಸಿದ್ದಲ್ಲ ಅಬ್ಬಾ. ನಾನೇ ಕೇಳಿ ತರಿಸಿದೆ. ಕುಯ್ದುಬಿಡಿ."

"ಇನ್ನೊಂದ್ಸಲ ಮಾತಾಡಿ ನೋಡೋಣಮ್ಮ."

"ಆ ಮನೇಲಿ ನಾನು ಮಾತಾಡ್ತಿದ್ದದ್ದು ಈ ಮೀನುಗಳ ಜೊತೆ ಮಾತ್ರ."

ಮಾದೇವ ತಲೆ ತಗ್ಗಿಸಿ ಹೊರಗೆ ಹೋದ. ಗೌಸ್ ಕುಕ್ಕರಗಾಲಲ್ಲಿ ಕೂತು ಹಿಂದಿನ ಕಾಲಿಗೆ ಗುರುತು ಹಾಕಿದ. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಹಾಕಿದ.

ಹಬ್ಬಹರಿದಿನಕ್ಕೆ ಆ ಮನೆಗೆ ಹೋದಾಗೆಲ್ಲ ಅವನು ಸೀದಾ ಮಹಡಿ ಹತ್ತಿ, ತೊಟ್ಟಿಯ ನೀರು ಸಮ ನಿಂತಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕೂದಲೆಳೆಯಷ್ಟೂ ವಾಲಿಲ್ಲವೆಂದು ಬೀಗರಿಗೆ ತೋರಿಸಿ, ಬಿರಿಯಾನಿ ಉಂಡು, ಸಂಜೆಯ ಬಸ್ಸು ಹಿಡಿಯುತ್ತಿದ್ದ. ಪಕ್ಕದಲ್ಲೇ ನಿಂತಿರುತ್ತಿದ್ದ ಮಗಳ ಮುಖವನ್ನು ಒಂದು ಸಲವಾದರೂ ಹಾಗೆ ನೋಡಿದ್ದು, ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಗರಗಸವನ್ನು ಗೆರೆಯ ಮೇಲಿಟ್ಟ.

ಸುಮಯ್ಯ ಸ್ಟ್ಯಾಂಡಿನ ಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ಅವನು ಕುಯ್ಯತೊಡಗಿದ.